ಒಳಗೆ ಎರಡಿಂಚು

ಗೋಣಿಕೊಪ್ಪ ಬಸ್‌ಸ್ಟ್ಯಾಂಡಿನ ಎದುರು, ಔಷಧಿ ಅಂಗಡಿಯ ಮೇಲೆ
ಹದಿಮೂರು ಮೆಟ್ಟಿಲು ಹತ್ತಿದರೆ ನನ್ನ ಮೆಷಿನ್ನು.
ಯಾರು ಕೈಪಿಡಿ ಹಿಡಿದು ಏದುಸಿರಲ್ಲಿ ಬರುತ್ತಾರೆ,
ಯಾರು ಎರಡೆರಡು ಮೆಟ್ಟಿಲು ಹಾರುತ್ತಾರೆ,
ಪೆಡಲಿನ ಸದ್ದಿನ ನಡುವೆಯೂ ನನಗೆ ಗೊತ್ತಾಗುತ್ತದೆ.

ಮಾರ್ಚಿನ ಕೊನೆಗೆ ಹಾಕಿ ಸೀಸನ್ನು.
ಒಂದೇ ಬಣ್ಣದ ಅಂಗಿಗಳ ರಾಶಿ, ಬೆನ್ನಿಗೆಲ್ಲ ಮನೆ ಹೆಸರು.
ಮೊದಲು ಪುಸ್ತಕದ ತುಂಬ ಗಂಡಸರ ಎದೆಯಳತೆ.
ಈಗ ನಡುನಡುವೆ ಮೂವತ್ತೆರಡು, ಮೂವತ್ತು,
ಹೋದ ವರ್ಷ ಒಂದು ಇಪ್ಪತ್ತಾರು:
ಒಂಬತ್ತನೇ ಕ್ಲಾಸಿನ ಪೊನ್ನವ್ವ, ಲೆಫ್ಟ್ ಔಟ್.

ತಾಯಿ ಜೊತೆಗೆ ಬಂದಿದ್ದರು.
"ಮೊಣಕಾಲು ಮುಚ್ಚಲಿ ಲಿಲ್ಲಿ, ನೋಡುವವರಿರುತ್ತಾರೆ."
ಹಾಗೇ ಬರೆದುಕೊಂಡೆ.
ಮಾರನೆ ದಿನ ಶಾಲೆ ಬಿಟ್ಟ ಮೇಲೆ ಅವಳೊಬ್ಬಳೇ,
ಬಾಗಿಲಲ್ಲೇ ನಿಂತು:
"ಆಂಟಿ, ಮೊಣಕಾಲಿಗೆ ಬಟ್ಟೆ ತಾಗಿದರೆ
ಬಾಲು ಮರೆತು ಬಟ್ಟೆ ನೆನಪಾಗುತ್ತೆ."
ಇಪ್ಪತ್ತೆಂಟು ವರ್ಷ ಕತ್ತರಿ ಹಿಡಿದಿದ್ದೇನೆ,
ಬಟ್ಟೆಯ ಬಗ್ಗೆ ಇಷ್ಟು ಸರಿಯಾದ ಮಾತು ಕೇಳಿರಲಿಲ್ಲ.
ಮೊಣಕಾಲಿನ ಮೇಲಕ್ಕೇ ಮಡಿಸಿದೆ.
ತಾಯಿ ಕೇಳಿದಾಗ ಹೇಳಿದೆ,
ಈ ಜಾತಿಯ ಬಟ್ಟೆ ಒಗೆದರೆ ಕುಗ್ಗುತ್ತದೆ.

ಬೋಜಮ್ಮ ಬಂದರು. ಐವತ್ತಮೂರು. ಗೋಲಿಗೆ ನಿಲ್ಲುತ್ತಾರಂತೆ.
ಬೇರೆ ಯಾರೂ ಸಿಗಲಿಲ್ಲವಂತೆ.
ಹಾಗೆ ಹೇಳುವಾಗ ನಗು ತಡೆಯಲು
ಕೆನ್ನೆಯ ಒಳಭಾಗ ಕಚ್ಚಿಕೊಂಡಿದ್ದರು.
"ಬೆನ್ನಿಗೆ ಯಾವ ಮನೆ ಹೆಸರು?" ಅಂದೆ.
ಟೇಪು ಅವರ ಭುಜದ ಮೇಲೆ ಸುಮ್ಮನೆ ಕೂತಿತು.
"ಹುಟ್ಟಿದ ಮನೆಯಲ್ಲಿ ಆಗ ಹುಡುಗಿಯರನ್ನು ಕರೆಯುತ್ತಿರಲಿಲ್ಲ.
ಕೊಟ್ಟ ಮನೆಯ ಟೀಮಿಗೆ ಮೂವತ್ತು ವರ್ಷ
ಗ್ಯಾಲರಿಯ ಹಿಂದೆ ಪಂದಿಕರಿ ಬಡಿಸಿದ್ದೇನೆ.
ಹೆಸರು ಬೇಡ, ನಂಬರು ಹಾಕು.
ದೊಡ್ಡದಾಗಿ ಹಾಕು."

ಹಿಂದೆ ನೆರಿಗೆಯ ಸೀರೆಗೂ ಫಾಲ್ ಹಚ್ಚುವವಳು ನಾನೇ.
ಹೊಳೆಯ ರಭಸಕ್ಕೆ ನೆರಿಗೆ ಹಿಂದಕ್ಕೆ ಸರಿಯಿತೆಂದು
ಇಲ್ಲಿಯ ಹಿರಿಯರ ಕಥೆ. ಇರಬಹುದು.
ನನ್ನ ಕಣ್ಣಿಗೆ ಕಾಣುವುದು ಇಷ್ಟೇ:
ಮುಂದೆ, ಕಾಲಿಗೆ ತೊಡರುವಂಥದ್ದು ಏನೂ ಇಲ್ಲ.

ತಿತಿಮತಿ ಕಡೆಯ ಹಾಡಿಯಿಂದ ಬೆಳ್ಳಿ ಬಂದದ್ದು ಬರಿಗಾಲಲ್ಲಿ.
ಅಣ್ಣನ ಚಡ್ಡಿ, ಕಾಫಿ ಚೀಲದ ಹುರಿಯಲ್ಲಿ ಬಿಗಿದದ್ದು.
"ಓಡುವಾಗ ಒಂದು ಕೈ ಸೊಂಟದಲ್ಲೇ ಇರುತ್ತೆ ಅಕ್ಕ."
ಒಂದೇ ಕೈ ಬೀಸಿಕೊಂಡು ಓಡಿ
ತಾಲೂಕಿಗೆ ಎರಡನೆಯವಳು!
ದುಡ್ಡೆಷ್ಟು ಎಂದು ಮೂರು ಸಲ ಕೇಳಿದಳು.
ಮುಕ್ಕಾಲು ಗಜ ಎಲಾಸ್ಟಿಕ್ಕು,
ಅದಕ್ಕೇನು ಲೆಕ್ಕ ಬರೆಯುವುದು?
ಎರಡೂ ಕೈ ಸಿಕ್ಕಿದ ಮೇಲೆ ಏನಾಯಿತೋ ಕಾಣೆ,
ಮಡಿಕೇರಿಗೆ ಹೋದಳೆಂದಷ್ಟೇ ಸುದ್ದಿ.
ಆ ಹುರಿ ಇನ್ನೂ ನನ್ನ ಡ್ರಾಯರಿನಲ್ಲಿದೆ.

ನನಗೂ ಎಡ ಮಂಡಿ ಹಿಡಿದುಕೊಂಡಿದೆ, ಪೆಡಲಿನ ಉಡುಗೊರೆ.
ಡಾಕ್ಟರು ದಿನಾ ನಡಿ ಅಂದರು, ನಡೆಯಲಿಲ್ಲ.
ಆಮೇಲೊಂದು ಬೆಳಿಗ್ಗೆ ಆರಕ್ಕೆ
ಹೊಲಿಗೆ ನಿಂತಿದೆಯೋ ನೋಡಿ ಬರೋಣವೆಂದು ಮೈದಾನಕ್ಕೆ ಹೋದೆ.
ಪೊನ್ನವ್ವ ಓಡುತ್ತಿದ್ದಾಳೆ, ಚಡ್ಡಿಯ ಕಡೆ ಅವಳಿಗೆ ಗಮನವೇ ಇಲ್ಲ.
ಬೋಜಮ್ಮ ಗೋಲಿನಲ್ಲಿ ಬಿದ್ದು, ಎದ್ದು,
ಮತ್ತೆ ಬಿದ್ದು, ಯಾರಿಗೋ ಬೈಯುತ್ತಿದ್ದಾರೆ.
ನೋಡುತ್ತಾ ನೋಡುತ್ತಾ ಗೆರೆಯ ಹೊರಗೆ
ನಾನು ನಾಲ್ಕು ಸುತ್ತು ಬಂದಿದ್ದೆ,
ಕಿವಿಯಲ್ಲಿ ಸೀಮೆಸುಣ್ಣ ಹಾಗೇ ಇತ್ತು.

ಆದ್ದರಿಂದ ಹೇಳುತ್ತೇನೆ, ಅಳತೆಗೆ ಬನ್ನಿ.
ಸೊಂಟ ಎಷ್ಟಾದರೂ ಇರಲಿ,
ಗಟ್ಟಿಯಾಗಿ ಓದಿ ಹೇಳುವ ಅಭ್ಯಾಸ ನನಗಿಲ್ಲ.
ಜೇಬು ಇಡುತ್ತೇನೆ, ನೀವು ಕೇಳದಿದ್ದರೂ.
ಒಳಗೆ ಎರಡಿಂಚು ಬಟ್ಟೆ ಬಿಟ್ಟಿರುತ್ತೇನೆ,
ತೊಡೆ ಬಲಿತರೆ ಬಿಚ್ಚಲಿಕ್ಕೆ.
ಕವೆಯಲ್ಲಿ ಹೊಲಿಗೆ ಹರಿದರೆ ನಾಚಬೇಡಿ, ತನ್ನಿ.
ದೊಡ್ಡ ಹೆಜ್ಜೆ ಹಾಕಿದವರದ್ದೇ
ಅಲ್ಲಿ ಹರಿಯುವುದು.