ಐವತ್ತಕ್ಕೆ ಇಳಿಸಿದ್ದು

ಗೋಣಿಕೊಪ್ಪದ ಬೇಕರಿಯ ಮೇಲಿನ ಕೋಣೆ;
ಬನ್ನು ಬೇಯುವ ಬಿಸಿ ನೆಲದಿಂದ ಕಾಲಿಗೆ ಹತ್ತುತ್ತದೆ.
ಪರದೆಯಲ್ಲಿ ಗಂಗಾಪೂಜೆ:
ತಲೆಯ ಮೇಲೆ ಕೊಡ, ಕೊಡದ ಮೇಲೆ ಕೊಡ,
ಬಾವಿಯಿಂದ ಮನೆಗೆ ನೂರೇ ಹೆಜ್ಜೆ,
ಎದುರಿಗೆ ಗಂಡಿನ ಕಡೆಯವರ ಕುಣಿತ.
ಅವರು ಬಿಟ್ಟರೆ ಒಂದು ಹೆಜ್ಜೆ, ಬಿಡದಿದ್ದರೆ ಅಲ್ಲೇ.

"ಹುಡುಗಿ ಯಾಕೆ ಕುಂಟುತ್ತಾಳೆ?"
ಕನ್ನಡಕ ಒರೆಸಿಕೊಂಡರು ಪೊನ್ನವ್ವ, ಮದುಮಗಳ ದೊಡ್ಡಮ್ಮ.
"ಅವತ್ತು ಕುಂಟಲಿಲ್ಲ. ಪಕ್ಕದಲ್ಲೇ ಇದ್ದೆ ನಾನು."

ನಾನೂ ಇದ್ದೆ, ಕ್ಯಾಮೆರಾ ಹಿಡಿದು.
ಕುಂಟು ಅವಳದಲ್ಲ; ಹೇಗೆ ಹೇಳಲಿ?
ಸೆಕೆಂಡಿಗೆ ಇಪ್ಪತ್ತೈದು ಚಿತ್ರ ನಾನು ಹಿಡಿದದ್ದು,
ಈ ಪರದೆಗೆ ಸೆಕೆಂಡಿಗೆ ಅರವತ್ತು ರೆಪ್ಪೆ.
ಹಂಚಿ ನೋಡಿ, ಸಮ ಬರುವುದಿಲ್ಲ:
ಎರಡು ಎರಡು ಮೂರು
ಎರಡು ಮೂರು
ಎರಡು ಎರಡು ಮೂರು
ಎರಡು ಮೂರು.
ವಾಲಗದವರು ಕೇಳಿದರೆ ಕೋಲು ಕೆಳಗಿಟ್ಟಾರು.

"ಅಂದರೆ ಪಂಕ್ತಿಯಲ್ಲಿ ಪಕ್ಷಪಾತ," ಅಂದರು ಪೊನ್ನವ್ವ,
"ಒಬ್ಬರೆಲೆಗೆ ಎರಡು ಕಡಂಬುಟ್ಟು, ಪಕ್ಕದವರಿಗೆ ಮೂರು."
ಅದೇ. ಅಷ್ಟೇ.

ಡ್ರೈವರಿನ ಪಟ್ಟಿ ತೆರೆದೆ.
ಅರವತ್ತು, ಐವತ್ತೊಂಬತ್ತು ಚಿಲ್ಲರೆ, ಐವತ್ತು.
ತಿಂಗಳುಗಟ್ಟಲೆ ಬೂದಿ ಬಣ್ಣ ಬಳಿದುಕೊಂಡು ಮಲಗಿದ್ದ ಐವತ್ತು
ಹೋದ ವಾರ ಡ್ರೈವರ್ ಬದಲಿಸಿದ ಮೇಲೆ ಎದ್ದು ಕೂತಿದೆ.
ಒತ್ತಿದೆ.
ಕಪ್ಪು.
"ಕರೆಂಟ್ ಹೋಯ್ತಾ?"
ಇಲ್ಲ, ಪರದೆ ಕಾಲು ಬದಲಿಸುತ್ತಿದೆ, ತಾಳಿ.
ಬೆಳಕು ಬಂತು, ಜೊತೆಗೊಂದು ಪ್ರಶ್ನೆ:
ಹೀಗೇ ಇರಲೇ? ಹದಿನೈದು, ಹದಿನಾಲ್ಕು, ಹದಿಮೂರು...
ಇರಲಿ, ಎಂದೆ ಇಲಿಯ ಬೆನ್ನು ತಟ್ಟಿ.

ಈಗ ಪ್ರತಿ ಚಿತ್ರಕ್ಕೂ ಎರಡೇ ಪಾಲು, ಜಗಳವಿಲ್ಲ.
ಬೆನ್ನ ಹಿಂದಿನ ನೆರಿಗೆ ನೀರಿನ ಹಾಗೆ ಹರಿಯಿತು,
ಕುಣಿಯುವವರ ಚವರಿ ಗಾಳಿಯಲ್ಲಿ ತುಂಡಾಗಲಿಲ್ಲ.
ದೊಡ್ಡಮ್ಮನ ಕಾಲ ಹೆಬ್ಬೆರಳು ತಾನಾಗಿ ತಾಳ ಹಾಕಿತು.

ಆಮೇಲೆ, ನಲವತ್ತೊಂದನೇ ನಿಮಿಷ.
ಮೇಲಿನ ಕೊಡ ತುಳುಕಿ ಹುಬ್ಬಿಗೊಂದು ಹನಿ.
ಎತ್ತಿ ಹಿಡಿದ ಕೈ ನಡುಗಿತು.
ಹಿಂದಕ್ಕೆ ಎಳೆದು ನೋಡಿದೆ, ಮತ್ತೆ ನಡುಗಿತು,
ಮತ್ತೆ, ಅದೇ ಜಾಗದಲ್ಲಿ.
ಅರವತ್ತರ ಗದ್ದಲದಲ್ಲಿ ಇದು ಅಡಗಿ ಕೂತಿತ್ತು.
ಅವಳು ಚೌಕಟ್ಟಿನ ಆಚೆ, ನಾನು ಕ್ಯಾಮೆರಾ ತಿರುಗಿಸದ ಕಡೆ,
ಯಾರನ್ನೋ ನೋಡುತ್ತಿದ್ದಳು.

ಕೆಳಗೆ ತಗಡಿನ ಟ್ರೇ ಬಿದ್ದ ಸದ್ದು.
"ಕತ್ತರಿಸಲೇ?"
ಪೊನ್ನವ್ವ ಕನ್ನಡಕ ತೆಗೆದರು, ಹಾಕಲಿಲ್ಲ.
"ಬೇಡ. ಕುಂಟು ನಿಮ್ಮ ಪೆಟ್ಟಿಗೆಯದು.
ಅದು ಅವಳದೇ. ಇರಲಿ."

ಮೆಟ್ಟಿಲಲ್ಲಿ ನಿಂತು ಕೇಳಿದರು:
"ನಮ್ಮನೆ ಟೀವಿಯಲ್ಲೂ ಹೀಗೇ ಕಾಣುತ್ತಾ?"
ಏನೂ ಹೇಳಲು ಬರುವುದಿಲ್ಲ ದೊಡ್ಡಮ್ಮ,
ಅದರ ಎಣಿಕೆ ಅದಕ್ಕೆ.