ಹದಿನೇಳರ ಮಗ್ಗಿ

ಬೊಗಳುವ ನಾಯಿ ಕಚ್ಚುವುದಿಲ್ಲ ಅಂತಾರೆ.
ನನ್ನನ್ನು ಕಚ್ಚಿದ್ದು ಬೊಗಳಿರಲಿಲ್ಲ.
ಹರಿಹರದ ಮಿಲ್ಲಿನ ಹಿಂದೆ, ಎಂಟು ವರ್ಷದ ಮೀನಖಂಡಕ್ಕೆ
ಸದ್ದಿಲ್ಲದೆ ಬಾಯಿ ಹಾಕಿ, ಸದ್ದಿಲ್ಲದೆ ಹೋಯಿತು.
ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ.
ಅಂದಿನಿಂದ, ಸುಮ್ಮನಿರುವ ನಾಯಿ ಕಂಡರೆ
ಬೀದಿಯ ಆ ಬದಿಗೆ ದಾಟುವವನು ನಾನು.
ಈ ಊರಿನ ಹೆಸರೂ ನೋಡಿ, ಹಲ್.
ಹಲ್ಲು ಕಚ್ಚಿಕೊಂಡು ಇಪ್ಪತ್ತು ವರ್ಷ ಬಸ್ಸು ಓಡಿಸಿದೆ.

ಕಾಗದಕ್ಕೆ ಸಹಿ ಹಾಕಿದವಳು ಇಂದುಮತಿ.
‘ಹೆದರುವವರಿಬ್ಬರೂ ಒಂದೇ ಮನೆಯಲ್ಲಿರಿ,
ನನಗೆ ರಾತ್ರಿ ವಾರ್ಡಿದೆ’ ಎಂದು ಕೋಟು ತೊಟ್ಟು ಹೊರಟಳು.
ನಾಯಿ ವಾಷಿಂಗ್ ಮಶೀನಿನ ಹಿಂದೆ ಹೋಯಿತು.
ನಾನು ಮಹಡಿ ಹತ್ತಿದೆ.

ನಾಯಿಗಳ ಆಶ್ರಯದ ಡೊರೀನ್ ಹೇಳಿದ್ದಳು:
ಕಣ್ಣಲ್ಲಿ ಕಣ್ಣಿಡಬೇಡಿ. ಕೈ ಮೇಲಿಂದ ತರಬೇಡಿ.
ಹೆಸರಿಡುವ ಆತುರ ಬೇಡ,
ಯಾವ ಹೆಸರಿಗೆ ಎಷ್ಟು ಪೆಟ್ಟು ಬಿದ್ದಿದೆಯೋ.

ಬೆಲ್ಟಿನ ಬಕಲ್ ಟಣ್ ಎಂದರೆ
ನಿಂತಲ್ಲೇ ಉಚ್ಚೆ ಹೊಯ್ಯುತ್ತಿತ್ತು.
ಬೆಲ್ಟು ಬಿಟ್ಟೆ. ಎರಡು ತಿಂಗಳು
ಎಡಗೈಯಲ್ಲಿ ಪ್ಯಾಂಟು ಹಿಡಿದು ಬಲಗೈಯಲ್ಲಿ ಚಹಾ ಸೋಸಿದೆ.
ಕೊನೆಗೆ ಇಂದುಮತಿಯ ಹಳೇ ಲಂಗದ ಲಾಡಿ
ನನ್ನ ಸೊಂಟದ ಮಾನ ಕಾಯಿತು.

‘ಕಮ್’ ಎಂದರೆ ನಡುಗುತ್ತಿತ್ತು. ‘ಗುಡ್’ ಎಂದರೂ ನಡುಗುತ್ತಿತ್ತು.
ಇಂಗ್ಲಿಷಿನ ಒಂದೊಂದು ಮಾತಿನ ಮೇಲೂ
ಯಾರದೋ ಬೂಟಿನ ಗುರುತು.
ಆಗ ಹೊಳೆಯಿತು,
ಕನ್ನಡದಲ್ಲಿ ಇದನ್ನು ಯಾರೂ ಬೈದಿಲ್ಲ.

ಮೂರು ಮಾರು ದೂರ, ಅಡುಗೆಮನೆಯ ತಣ್ಣನೆ ನೆಲದಲ್ಲಿ,
ಬೆನ್ನು ತಿರುಗಿಸಿ ಕೂತೆ. ಏನು ಮಾತಾಡಲಿ?
ನಾಯಿಯ ಜೊತೆ ಆಡುವ ಮಾತು ನನ್ನ ಹತ್ತಿರ
ಒಂದೂ ಇರಲಿಲ್ಲ. ಮಗ್ಗಿ ಬಂತು ಬಾಯಿಗೆ.
ಮೊದಲ ವಾರ ಎರಡರಿಂದ ಹತ್ತರ ತನಕ,
ಹಂಬರ್ ನದಿಯ ಮಂಜು ಗಾಜಿಗೆ ಕಿವಿಯಿಟ್ಟಿತ್ತು.
ಆಮೇಲೆ ಹನ್ನೆರಡು, ಹದಿನೈದು,
ಚಿಲ್ಲರೆ ಎಣಿಸುವ ಅಂಗಡಿಯವನ ಹಾಗೆ, ಮೆಲ್ಲಗೆ.

ಹದಿನೇಳಾರ್ಲೆ ನೂರಾ ಎರಡು,
ಹದಿನೇಳೇಳ್ಲೆ...
ಅಲ್ಲೇ. ಐವತ್ತು ವರ್ಷದಿಂದ ಅಲ್ಲೇ.
ಮಗ್ಗಿ ನನಗೆ ಕಲಿಸಿದ್ದು ಬೆತ್ತ.
ಅಂಗೈ ತಾನಾಗಿ ಮುಚ್ಚಿಕೊಂಡಿತು.

ಹಿಂದೆ ತಗಡು ಕಿರುಗುಟ್ಟಿತು. ತಿರುಗಲಿಲ್ಲ.
ನೆಲದ ಮೇಲೆ ಉಗುರು: ಒಂದು, ಎರಡು, ತಡೆದು, ಮೂರು.
ನನ್ನ ಮೀನಖಂಡ ಕಲ್ಲಾಯಿತು.
ಒದ್ದೆ ಮೂಗೊಂದು ಮುಷ್ಟಿಯನ್ನು ಮೂಸಿ
ಏನಿದೆ ಒಳಗೆ ಎಂದು ಕೇಳಿ, ಹೋಯಿತು.
ಒಳಗೇನೂ ಇರಲಿಲ್ಲ.
ಬಿಚ್ಚಿ ನಾನೂ ನೋಡಿದೆ.

ಮರುದಿನ ಬರಲಿಲ್ಲ. ಮುಂದಿನ ಒಂಬತ್ತು ದಿನವೂ.
ನವೆಂಬರಿನ ಪಟಾಕಿಗೆ ಇದ್ದಬದ್ದ ಧೈರ್ಯವೂ ಹೋಗಿ
ಮತ್ತೆ ಒಂದರಿಂದ ಶುರು.
ಆದರೂ ಯಾವಾಗಲೋ, ತಟ್ಟೆಯಿಂದ ನನ್ನ ಕಾಲಿಗೆ,
ಕಾಲಿಂದ ಚಪ್ಪಲಿಯ ತುದಿಗೆ ಅದರ ಗದ್ದ ಬಂದಿತ್ತು.
ಮೂಗಿನ ಮೇಲಿನ ಚುಕ್ಕಿ ನೋಡಿ ಸಾಸಿವೆ ಎಂದೆ.
ಒಂದು ಕಿವಿ ಮಾತ್ರ ಒಪ್ಪಿತು.

ಏಳನೇ ತಿಂಗಳು, ಮಂಗಳವಾರ,
ಬಾಗಿಲ ಸೀಳಿನಿಂದ ಗ್ಯಾಸಿನ ಬಿಲ್ಲು ಧಪ್ಪೆಂದು ಬಿತ್ತು.
ನನ್ನ ಕಾಲುಗಳ ಸಂದಿಯಿಂದ
ಯಾರೋ ಬೊಗಳಿದರು!
ಮನೆಯೆಲ್ಲ ತುಂಬುವ, ಒರಟು, ಒಡಕು ದನಿ,
ಇದು ನನ್ನ ಬಾಗಿಲು, ಯಾರಯ್ಯಾ ನೀನು ಎನ್ನುವಂಥದ್ದು.
ಮೇಲೆ ನಿದ್ದೆಗಣ್ಣಲ್ಲಿ ಇಂದುಮತಿ, ‘ರೀ, ನೀವಾ?’

ತನ್ನ ದನಿಗೆ ತಾನೇ ಬೆಚ್ಚಿ
ಸಾಸಿವೆ ಮಶೀನಿನ ಹಿಂದೆ ಓಡಿತು.
ನಾನು ಲಾಡಿ ಬಿಗಿದು ನೆಲಕ್ಕೆ ಕೂತೆ.
ಹದಿನೇಳೊಂದ್ಲೆ ಹದಿನೇಳು,
ಹದಿನೇಳೆರಡ್ಲೆ ಮೂವತ್ನಾಲ್ಕು...
ಏಳಕ್ಕೆ ಬಂದು ನಿಂತೆ, ಎಂದಿನಂತೆ.
ತಗಡಿಗೆ ಬಾಲ ಬಡಿಯಿತು:
ಟಪ್. ಟಪ್. ಟಪ್. ಟಪ್.

ತಪ್ಪು ಉತ್ತರ.
ತಿದ್ದಲಿಲ್ಲ.