ಎರಡನೇ ಗಂಟೆ

ಕಾನೂನು ಕಾಲೇಜಿನ ಚರ್ಚಾಸ್ಪರ್ಧೆಗೆ ಮೈಕ್ ಕಟ್ಟಿದವನು ನಾನು.
ಕೊಟ್ರೇಶಿ ಸೌಂಡ್ಸ್, ಮಂಡಿಪೇಟೆ, ದಾವಣಗೆರೆ.
ಜವಾನ ರಜೆ. ಗಂಟೆ ನಿಮ್ಮ ಕೈಲೇ ಇರಲಿ ಅಂದರು ಮೇಡಂ:
ನಾಲ್ಕು ನಿಮಿಷಕ್ಕೆ ಒಂದು, ಐದಕ್ಕೆ ಎರಡು,
ಎರಡಾದ ಮೇಲೆ ಯಾರೂ ಮಾತಾಡೋ ಹಂಗಿಲ್ಲ.

ವಿಷಯ ಬೋರ್ಡಿನ ಮೇಲಿತ್ತು, ಸೀಮೆಸುಣ್ಣದಲ್ಲಿ:
ಆನ್‌ಲೈನ್ ಜೂಜಿಗೆ ಪರವಾನಗಿ ಬೇಕೋ, ಬೀಗ ಬೇಕೋ.
ಓದಿ, ವೈರಿನ ಕಡೆ ಬಗ್ಗಿ ನಕ್ಕೆ.

ತೊಂಬತ್ತೊಂದರಲ್ಲಿ ಇದೇ ಊರಿನ ಪೇಪರಿನಲ್ಲಿ ನನ್ನ ಹೆಸರು ಬಂದಿತ್ತು:
‘ಒಂದು ರೂಪಾಯಿಗೆ ಎಂಬತ್ತು ಕೊಡುವೆನೆಂದು
ಸಾರ್ವಜನಿಕರನ್ನು ಕೂಗಿ ಕರೆಯುತ್ತಿದ್ದಾಗ ಬಂಧನ.’
ಕೂಗಿದ್ದೇ ಇಲ್ಲ ನಾನು, ದುಗ್ಗಮ್ಮನಾಣೆ.
ಮಟ್ಕಾ ಬರೆಯೋನು ಕೂಗ್ತಾನೇನ್ರಿ?
ಚಹಾದಂಗಡಿ ಹಿಂದೆ, ಬೀಡಿ ಕಟ್ಟಿನ ಕಾಗದದ ಮೇಲೆ,
ಓಪನ್ ಇಷ್ಟು, ಕ್ಲೋಸ್ ಇಷ್ಟು, ಉಸಿರಿನಷ್ಟೇ ಸದ್ದು.
ಕೂಗೋದು ಕಲಿತದ್ದು ಅದನ್ನು ಬಿಟ್ಟ ಮೇಲೆ,
ಈ ಆಂಪ್ಲಿಫೈಯರ್ ಕೊಂಡ ಮೇಲೆ.

ಬೇತೂರಿನ ಹುಡುಗಿ ಚಂದನಾ, ಪರ.
ಚೀಟಿ ನೋಡದೆ ಮಾತಾಡಿದಳು:
ಬಾಗಿಲು ಮುಚ್ಚಿದರೆ ಕಿಟಕಿ ಹುಡುಕ್ತಾರೆ,
ತೆರಿಗೆ ಹಾಕಿ, ವಯಸ್ಸು ಕೇಳಿ, ದಿನಕ್ಕಿಷ್ಟೇ ಅಂತ ಮಿತಿ ಕಟ್ಟಿ,
ಮೋಸ ಹೋದವನಿಗೆ ದೂರು ಕೊಡೋಕೆ ಒಂದು ವಿಳಾಸ ಇರಲಿ.
ವಿಳಾಸ. ಆ ಮಾತು ನಾಟಿತು.
ನಮ್ಮ ನಂಬರು ಮುಂಬೈಯಿಂದ ಬರುತ್ತಿತ್ತು,
ಯಾರು ಎತ್ತುತ್ತಾರೆ ಅಂತ ಬರೆಯೋ ನನಗೇ ಗೊತ್ತಿರಲಿಲ್ಲ.
ಠಣ್.

ತಿಪ್ಪೇಶ, ವಿರೋಧ. ಮೈಕು ನುಂಗುವಷ್ಟು ಹತ್ತಿರ ನಿಂತ,
ಪ, ಫ, ಬ ಎಲ್ಲ ಗುಂಡು ಹೊಡೆದಂಗೆ.
ವಿಷದ ಬಾಟಲಿಗೆ ಸರ್ಕಾರಿ ಲೇಬಲ್ ಅಂಟಿಸಿದರೆ
ಔಷಧಿ ಆಗುತ್ತಾ ಅಂದ. ಚಪ್ಪಾಳೆ.
ಆಮೇಲೆ ದನಿ ಇಳಿಸಿದ. ನಮ್ಮ ಹಾಸ್ಟೆಲಿನಲ್ಲಿ ಒಬ್ಬ,
ಪರೀಕ್ಷೆ ಫೀಸು, ರಾತ್ರಿ ಎರಡು ಗಂಟೆ, ಹನ್ನೊಂದೇ ನಿಮಿಷ...
ವಾಲ್ಯೂಮ್ ಏರಿಸೋಕೆ ಕೈ ಹೋಯಿತು, ಏರಿಸಲಿಲ್ಲ.
ಐದು ನಿಮಿಷ ದಾಟಿತ್ತು. ಗಂಟೆಯನ್ನೂ ಹೊಡೀಲಿಲ್ಲ.
ಮೇಡಂ ನನ್ನ ಕಡೆ ನೋಡಿದರು.

ಮಂಡಕ್ಕಿ ಭಟ್ಟಿಯ ಬುಡೇನ್‌ಸಾಬ್ರು ನೆನಪಾಗಿದ್ದರು.
ಮೈತುಂಬ ಮಸಿ, ರೆಪ್ಪೆ ಮೇಲೆ ಹೊಟ್ಟಿನ ಧೂಳು,
ಕಾದ ಮರಳಿಗೆ ಬಿದ್ದ ಅಕ್ಕಿಯ ಹಂಗೆ
ನಂಬರು ಹೇಳುವಾಗ ಮಾತ್ರ ಅರಳೋ ಮುಖ.
ಮಗಳ ನಿಕಾಕ್ಕೆ ಎರಡು ದಿನ ಇತ್ತು.
ಇವತ್ತು ಬರೆಯಲ್ಲ, ಮನೆಗೆ ಹೋಗ್ರಿ ಸಾಬ್ರೆ, ಅಂದೆ.
ಈ ಕಥೆ ಎಷ್ಟೋ ಜನಕ್ಕೆ ಹೇಳೀನಿ.
ಮಷೀನಿಗೆ ಕಣ್ಣಿಲ್ಲ, ನಮಗಿತ್ತು, ಅಂತ ಮುಗಿಸ್ತೀನಿ.
ಮರುದಿನ ಬಂದರು ಅವರು. ಬರೆದೆ.
ರೂಪಾಯಿಗೆ ಹತ್ತು ಪೈಸೆ ನನ್ನದು.
ಅದನ್ನು ಹೇಳಲ್ಲ.

ನಡುವೆ ಚಹಾ. ಯಾರದೋ ಫೋನಿನಲ್ಲಿ ರಮ್ಮಿ ಜಾಹೀರಾತು.
ಗೆದ್ದವನ ನಗು ನಿಧಾನ, ಎಕೋ ಬೇರೆ ಹಾಕಿದ್ದಾರೆ.
ಕೊನೇಲಿ ಎಚ್ಚರಿಕೆ:
ಚಟವಾಗಬಹುದುಜವಾಬ್ದಾರಿಯಿಂದಆಡಿ
ಒಂದೇ ಉಸಿರಿಗೆ, ನಾಲ್ಕು ಪಟ್ಟು ಓಡಿಸಿ.
ಮೂವತ್ತು ವರ್ಷ ದನಿಯಲ್ಲೇ ಬದುಕಿದೋನು ನಾನು;
ಕೇಳಬಾರದು ಅಂತಲೇ ಮಾಡಿದ ದನಿ ಗುರುತು ಸಿಗುತ್ತೆ.
ಬೀಗವೋ ಪರವಾನಗಿಯೋ ನನಗೆ ತಿಳಿಯಲ್ಲ, ಸ್ವಾಮಿ.
ಆ ಸಾಲೊಂದನ್ನು ನಿಧಾನಕ್ಕೆ ಓದಿಸಿರಿ,
ನಗುವನ್ನು ಓಡಿಸಿರಿ.

ಬಹುಮಾನ ಚಂದನಾಗೆ.
ತಿಪ್ಪೇಶನಿಗೆ ಸಮಯ ಮೀರಿದ್ದಕ್ಕೆ ಎರಡು ಅಂಕ ಕಡಿತ,
ಸೋತದ್ದು ಅಷ್ಟರಿಂದಲೇ.
ಮೆಟ್ಟಿಲ ಹತ್ತಿರ ಸಿಕ್ಕ. ನಾನು ಜ್ಯಾಕ್ ಪಿನ್ನು ಒರೆಸುತ್ತಾ ನಿಂತೆ.

ವೈರು ಸುತ್ತುವಾಗ ನಮ್ಮ ರೇವಣ ಕೇಳಿದ: ಅಣ್ಣ, ಐನೂರು ಕೊಡು.
ಯಾಕೋ?
ಸುಮ್ನೆ.
ಅವನ ಹೆಬ್ಬೆರಳು ಗಾಳಿಯಲ್ಲೇ ಏನನ್ನೋ ತೀಡುತ್ತಿತ್ತು.
ಕೊಟ್ಟೆ. ಎರಡು ವಾರದ ಸಂಬಳ ಬಾಕಿ ಇತ್ತು, ಅವನದೇ ದುಡ್ಡು.

ಗಂಟೆ ವಾಪಸ್ ಕೊಡೋದು ಮರೆತಿದ್ದೆ.
ಲಗೇಜ್ ಆಟೋ ರೈಲ್ವೆ ಗೇಟಿನ ಹಳಿ ಹತ್ತಿಳಿಯುವಾಗ
ಸ್ಪೀಕರ್ ಡಬ್ಬಿಯೊಳಗಿಂದ
ಠಣ್. ಸ್ವಲ್ಪ ತಡೆದು, ಠಣ್.
ರೇವಣನ ಕಿವಿಯಲ್ಲಿ ಇಯರ್‌ಫೋನ್ ಇತ್ತು.